ಅರಸೀಕೆರೆ ಸಭೆಯ ಒಂದೇ ಪಾತ್ರೆ

ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಮುಗಿಸಿ ಹೊಸದಾಗಿ ಚರ್ಚಿನ ಸಭೆಗಳಿಗೆ ಬರುವ ಹುಡುಗರು ಆಗೊಮ್ಮೆ ಈಗೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ನಿವೃತ್ತ ಸಭಾಪಾಲಕ, ಇಷ್ಟು ವರ್ಷ ಪ್ರಸಂಗ ಮಾಡಿದ ಮುದುಕ, ಏನಾದರೂ ಗುಟ್ಟು ಹೇಳಿಯಾನು ಎಂಬ ಆಸೆ ಅವರಿಗೆ. "ಅಯ್ಯನವರೇ, ಪ್ರಸಂಗ ಹೇಗೆ ತಯಾರು ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಪ್ರಸಂಗ ತಯಾರು ಮಾಡುವುದು ಮಹಾ ಕೆಲಸವೇನಲ್ಲ. ಆ ಭಾನುವಾರಕ್ಕೆ ನೇಮಿಸಿದ ಬೈಬಲಿನ ವಾಕ್ಯಭಾಗ ಓದಿ, ಅದನ್ನು ಮೂರು ತುಂಡು ಮಾಡಿ, ಕೊನೆಗೊಂದು ಕಥೆ ಸೇರಿಸಿದರೆ ಆಯಿತು. ಜನ ಬಾಗಿಲಲ್ಲಿ ಕೈ ಕುಲುಕಿ, "ಬಹಳ ಆಶೀರ್ವಾದ ಆಯ್ತು" ಎಂದು ಹೇಳಿ ಊಟಕ್ಕೆ ಹೋಗುತ್ತಾರೆ. ಕಷ್ಟ ಇರುವುದು ಅಲ್ಲಲ್ಲ. ಆ ಜನರಲ್ಲಿ ಯಾರೋ ಒಬ್ಬರು ನಿಮ್ಮ ಪ್ರಸಂಗವನ್ನು ನಿಜವಾಗಿ ನಂಬಿಬಿಟ್ಟರೆ ಏನು ಮಾಡುತ್ತೀರಿ? ಇದನ್ನು ಸೆಮಿನರಿಯಲ್ಲಿ ಕಲಿಸುವುದಿಲ್ಲ. ನನಗೂ ಯಾರೂ ಕಲಿಸಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನನ್ನನ್ನು ಅರಸೀಕೆರೆಗೆ ಹಾಕಿದರು. ದೇವಾಲಯ, ಅಂದರೆ ನಮ್ಮ ಚರ್ಚು, ಇದ್ದದ್ದು ರೈಲ್ವೆ ಕ್ವಾರ್ಟರ್ಸಿನ ಹತ್ತಿರ. ಅದರ ಜೊತೆಗೆ ಹಳೇಬೀಡಿನಲ್ಲಿ ಒಂದೆರಡು ಮನೆ, ಬೇಲೂರಿನಾಚೆ ಅರೇಹಳ್ಳಿ ಕಡೆಯ ಕಾಫಿ ತೋಟದ ಆಳುಗಳ ಲೈನು ಮನೆಗಳು, ಗಂಡಸಿ ಹತ್ತಿರದ ಒಂದು ಊರಿನ ಕೆಲವು ಕುಟುಂಬಗಳು, ಎಲ್ಲಾ ನನ್ನ ಪಾಲಿಗೆ. ವಾರದ ಅರ್ಧ ಬಸ್ಸಿನಲ್ಲೇ ಕಳೆಯುತ್ತಿತ್ತು. ಒಂದೇ ಪ್ರಸಂಗವನ್ನು ಹೊತ್ತುಕೊಂಡು ಊರೂರು ತಿರುಗುತ್ತಿದ್ದೆ. ನನ್ನ ಹೆಂಡತಿ ಇದನ್ನು ಸಂತೆ ವ್ಯಾಪಾರ ಎನ್ನುತ್ತಿದ್ದಳು. ಒಂದೇ ಸರಕು ಒಂದೊಂದು ಸಂತೆಯಲ್ಲಿ ಒಂದೊಂದು ಥರ ಹೋಗುತ್ತದೆ ಎಂದು ನನಗೆ ತಿಳಿದದ್ದು ಅರೇಹಳ್ಳಿಯಲ್ಲಿ.

ಅಂದಿನ ಪಾಠ ಯೇಸು ಹೇಳಿದ ಸಾಮ್ಯಗಳಲ್ಲಿ, ಅಂದರೆ ದೃಷ್ಟಾಂತಗಳಲ್ಲಿ, ಒಂದಾದ ದ್ರಾಕ್ಷಿತೋಟದ ಕೂಲಿಯಾಳುಗಳದು. ಬೆಳಗಿನಿಂದ ದುಡಿದವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಡುವ ಕಥೆ. ಕಾಫಿ ಹಣ್ಣು ಕೀಳುವ ಕಾಲ. ಕೇಳುತ್ತಿದ್ದವರೆಲ್ಲ ತೋಟದ ಆಳುಗಳು, ಕೈಯೆಲ್ಲ ಕಪ್ಪಾಗಿತ್ತು. ಇಷ್ಟು ಗಮನವಿಟ್ಟು ಕೇಳಿದ ಜನರನ್ನು ನಾನು ಆಮೇಲೆಲ್ಲೂ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ, ಕೂಲಿ ಲೆಕ್ಕ ಬರೆಯುವ ತೋಟದ ರೈಟರು, ಅವರೂ ನಮ್ಮ ಸಭೆಯವರೇ, ಪ್ರಾರ್ಥನೆ ಮುಗಿದ ಕೂಡಲೇ ನನ್ನನ್ನು ಪಕ್ಕಕ್ಕೆ ಕರೆದರು.

"ಅಯ್ನೋರೇ, ಹಣ್ಣು ಕೀಳೋ ಟೈಮಲ್ಲಿ ಈ ಪಾಠ ಬೇಡಿತ್ತು. ನಾಳೆ ಇವರೆಲ್ಲ ಸಾಯಂಕಾಲ ಬಂದು ಸಾಲಾಗಿ ನಿಂತ್ಕೊಂಡ್ರೆ ನಾನೇನು ಮಾಡಲಿ?"

ಅವರು ತಮಾಷೆಗೇ ಹೇಳಿದ್ದು. ನಾನೂ ನಕ್ಕು, "ಅದು ಸ್ವರ್ಗದ ರಾಜ್ಯದ ವಿಷಯ ರೈಟರೇ, ಆತ್ಮಿಕ ಅರ್ಥದಲ್ಲಿ ತಗೋಬೇಕು" ಎಂದೆ. ಪಕ್ಕದಲ್ಲಿ ಚಾಪೆ ಸುತ್ತುತ್ತಿದ್ದ ಒಬ್ಬ ಅಜ್ಜಿ ತಲೆ ಎತ್ತಿ, "ಹಂಗಾದ್ರೆ ಇದು ಮ್ಯಾಲಿನ ತೋಟದ ಮಾತಾ ಅಯ್ನೋರೇ? ನಾನು ಇಲ್ಲಿದ್ದೇ ಅಂದ್ಕಂಡಿದ್ದೆ" ಎಂದಳು. ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ನಮ್ಮ ಕಸುಬಿನ ದೊಡ್ಡ ಜಾಣತನ ಇದೇ ಎಂದು ನಾನು ಹುಡುಗರಿಗೆ ಹೇಳುತ್ತೇನೆ. ನೆಲದ ಮೇಲೆ ಬಿಟ್ಟರೆ ಯಾರ ಕಾಲಿಗಾದರೂ ತೊಡರುವಂಥ ಮಾತನ್ನು ಎತ್ತಿ ಅಟ್ಟದ ಮೇಲೆ ಇಟ್ಟುಬಿಡುವುದು.

ಹಳೇಬೀಡಿನ ಯೋಸೇಫನ ಕಥೆ ಇನ್ನೊಂದು ಥರ. ಬಳಪದ ಕಲ್ಲಿನಲ್ಲಿ ಚಿಕ್ಕ ಚಿಕ್ಕ ವಿಗ್ರಹ ಕೆತ್ತಿ ಪ್ರವಾಸಿಗಳ ಅಂಗಡಿಗೆ ಹಾಕುವುದು ಅವನ ಕೆಲಸ. ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ ಮೇಲೆ ತಾನೇ ವಿಗ್ರಹ ಬಿಟ್ಟು ಆನೆ, ಆಮೆ, ಬೂದಿಬಟ್ಟಲು ಕೆತ್ತತೊಡಗಿದ. ದೂರದಿಂದ ಹಳೇಬೀಡಿಗೆ ಬಂದವರು ಆಮೆ ಕೊಂಡುಹೋಗುತ್ತಾರೆಯೇ? ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ಮತ್ತೆ ಗಣೇಶನನ್ನು ಕೆತ್ತಬಹುದೇ ಎಂದು ಕೇಳಲು ಬಂದ. ನಾನು ಬೈಬಲಿನಿಂದ ನಾಮಾನನ ಕಥೆ ಓದಿ ಹೇಳಿದೆ. ಆ ಸಿರಿಯಾದ ಸೇನಾಪತಿ, ಕುಷ್ಠ ವಾಸಿಯಾಗಿ ದೇವರನ್ನು ನಂಬಿದವನು, ತನ್ನ ಅರಸ ತನ್ನ ಕೈ ಹಿಡಿದುಕೊಂಡು ಆ ನಾಡಿನ ದೇವರ ಗುಡಿಗೆ ಹೋದಾಗ ತಾನೂ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕು ಎಂದು ಪ್ರವಾದಿಯನ್ನು ಬೇಡುತ್ತಾನೆ. ಪ್ರವಾದಿ ಬೈಯಲಿಲ್ಲ, ನೆಮ್ಮದಿಯಿಂದ ಹೋಗು ಎಂದು ಕಳುಹಿಸಿದ. "ನೀನೂ ಹೋಗು ಯೋಸೇಫ, ಮಕ್ಕಳಿಗೆ ಊಟ ಹಾಕು" ಎಂದೆ.

ಇದು ನಮ್ಮ ಮೇಲಿನವರ ಕಿವಿಗೆ ಬಿತ್ತು. ಹಲವು ಸಭೆಗಳ ಮೇಲ್ವಿಚಾರಣೆ ನೋಡುತ್ತಿದ್ದ ಚೇರ್ಮನ್ ಅಯ್ಯನವರು ಒಳ್ಳೆಯ ಮನುಷ್ಯರೇ, ಆದರೆ ಫೈಲಿನಲ್ಲಿ ಇಲ್ಲದ್ದು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ನನ್ನನ್ನು ಕರೆಸಿ, "ವಾಕ್ಯವನ್ನ ಸಡಿಲ ಮಾಡೋ ಅಧಿಕಾರ ನಿಮಗೆ ಯಾರು ಕೊಟ್ರು? ವಿಧೇಯತೆ ಅಂದ್ರೆ ವಿಧೇಯತೆ" ಎಂದು ಗದರಿದರು. ಕೊಟ್ಟ ಅನುಮತಿ ಹಿಂತೆಗೆಯಬೇಕಾಯಿತು ಎಂದು ನಾನು ಯೋಸೇಫನಿಗೆ ತಿಳಿಸುವ ಮೊದಲೇ ಸುದ್ದಿ ಕೇಳಿ ಅವನು ಉಳಿ ಮಾರಿ ಗಾರೆ ಕೆಲಸಕ್ಕೆ ಹೋಗಿದ್ದ. ಅದೇ ಚೇರ್ಮನ್ನರು ಮುಂದೆ ಇನ್ನೊಂದು ವಿಷಯದಲ್ಲಿ ಎಷ್ಟು ಸಡಿಲವಾದರು ಎಂಬುದೇ ನಾನು ಹೇಳಹೊರಟ ಮಾತು.

ಗಂಡಸಿ ಕಡೆಯಿಂದ ಬರುತ್ತಿದ್ದವರಲ್ಲಿ ಶಾಂತಮ್ಮ ಎಂಬಾಕೆ ಇದ್ದಳು. ವಿಧವೆ, ತೆಂಗಿನ ಗರಿ ಹೆಣೆದು ಸೋಗೆ ಮಾಡಿ ಜೀವನ ನಡೆಸುವವಳು. ಓದು ಬರಹ ಇಲ್ಲ. ಮಾತು ಕಡಿಮೆ, ಆದರೆ ಆಡಿದರೆ ನೇರ. ದೀಕ್ಷಾಸ್ನಾನಕ್ಕೆ ಮೊದಲು ಎಲ್ಲರನ್ನೂ ಕೇಳುವಂತೆ ಅವಳನ್ನೂ, "ಯಾಕಮ್ಮ ಬರ್ತಿದೀಯ?" ಎಂದು ಕೇಳಿದೆ. ಪಾಪಕ್ಷಮೆ, ನಿತ್ಯಜೀವ ಎಂದು ಕಲಿಸಿಕೊಟ್ಟ ಉತ್ತರ ಬರುತ್ತದೆಂದು ಕಾದೆ.

"ನಮ್ಮೂರ ಹೋಟ್ಲಲ್ಲಿ ನಮ್ಮ ಲೋಟ ಹೊರಗಡೆ ಸೂರಲ್ಲಿ ಸಿಗಸಿರ್ತಾರೆ ಅಯ್ನೋರೇ. ನಾವೇ ತಗದು, ನಾವೇ ತೊಳದು, ನೆಲದ ಮ್ಯಾಲಿಟ್ರೆ ಅವ್ರು ಮ್ಯಾಲಿಂದ ಹುಯ್ತಾರೆ. ಇಲ್ಲಿ ನೋಡ್ದೆ. ರೈಲ್ವೆ ಅಮ್ಮೋರು ಕುಡದ ಪಾತ್ರೆನಾಗೇ ಎಲ್ರಿಗೂ ಕೊಟ್ರಿ. ನಂಗೂ ಅದ್ರಾಗೆ ಕುಡೀಬೇಕು ಅನ್ನುಸ್ತು."

ಇದಕ್ಕಿಂತ ಸರಿಯಾದ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ದೀಕ್ಷಾಸ್ನಾನ ಕೊಟ್ಟೆ. ಮುಂದಿನ ಕರ್ತನ ಭೋಜನದ ದಿನ, ಸಭೆಯೆಲ್ಲ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವಾಗ, ಬೆಳ್ಳಿ ಪಾತ್ರೆಯನ್ನು ಅವಳ ತುಟಿಗೆ ಹಿಡಿದೆ. ಅವಳು ಎರಡೂ ಕೈಯಿಂದ ಪಾತ್ರೆ ಹಿಡಿದು ಕುಡಿದಳು.

ಆದರೆ ಒಂದು ಸೂಕ್ಷ್ಮ ಅವಳು ಗಮನಿಸಿರಲಿಲ್ಲ. ಗಂಡಸಿ ಬಸ್ಸು ತಡ, ಹಾಗಾಗಿ ಆ ಊರಿನವರು ಬಾಗಿಲ ಹತ್ತಿರ ಹಿಂದೆ ಕೂರುತ್ತಿದ್ದರು. ರೈಲ್ವೆಯವರು ಮುಂದೆ. ಪಾತ್ರೆ ಮುಂದಿನಿಂದ ಹಿಂದಕ್ಕೆ ಹೋಗುತ್ತಿತ್ತು, ಹಿಂದಿನಿಂದ ಮುಂದಕ್ಕೆ ಎಂದೂ ಬಂದಿರಲಿಲ್ಲ. ಯಾರೂ ನಿಯಮ ಮಾಡಿದ್ದಲ್ಲ, ಹಾಗೇ ನಡೆದುಬಂದಿತ್ತು. ನನಗೂ ಹೊಳೆದಿರಲಿಲ್ಲ. ಹೊಳೆದದ್ದು ಕೊರಿಂಥದವರಿಗೆ ಪೌಲನು ಬರೆದ ಪತ್ರದ ಪಾಠ ಬಂದ ವಾರ. ಆ ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಬರುವಷ್ಟರಲ್ಲಿ ಏನೂ ಇರುತ್ತಿರಲಿಲ್ಲ. ಒಬ್ಬರಿಗೊಬ್ಬರು ಕಾಯಿರಿ ಎಂದು ಪೌಲ ಬೈದು ಬರೆದ. ನಾನು ಅದರ ಮೇಲೆ ಬಹಳ ಚೆನ್ನಾಗಿ ಪ್ರಸಂಗ ಮಾಡಿದೆ. ಎಲ್ಲರಿಗೂ ಆಶೀರ್ವಾದವಾಯಿತು. ಸಭೆಯ ಹಿರಿಯರಾದ ಸಾಲೊಮೋನ್ ಅವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಕೈ ಕುಲುಕಿ, "ಫಸ್ಟ್ ಕ್ಲಾಸ್ ಅಯ್ಯನವರೇ" ಎಂದರು.

ನನಗೆ ಅಲ್ಲಿಗೆ ಬಿಡಲಾಗಲಿಲ್ಲ. ಮುಂದಿನ ಭೋಜನದ ಭಾನುವಾರ ಗಂಟೆ ಹೊಡೆದ ಮೇಲೂ ಆರಾಧನೆ ಶುರು ಮಾಡದೆ ಗಂಡಸಿ ಬಸ್ಸಿಗೆ ಕಾದೆ. ಸಾಲೊಮೋನ್ ಅವರು ಗಡಿಯಾರ ನೋಡಿದರು, ರೈಲು ತಡವಾದರೂ ಅವರ ಮುಖ ಅಷ್ಟು ಕೆಟ್ಟಿರಲಾರದು. ಬಸ್ಸು ಬಂತು. ಭೋಜನದ ಹೊತ್ತಿಗೆ, "ಇವತ್ತು ಹಿಂದೆ ಕೂತವರು ಮೊದಲು ಬನ್ನಿ" ಎಂದೆ. ಶಾಂತಮ್ಮನೂ ಅವಳ ಊರಿನ ಹೆಂಗಸರೂ ಎದ್ದು ಬಂದು ಮೊಣಕಾಲೂರಿದರು. ಒಬ್ಬೊಬ್ಬರಿಗೂ ಕೊಟ್ಟು, ಪಾತ್ರೆಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಮುಂದಿನವರನ್ನು ಕರೆದೆ. ಮುಂದಿನ ಸಾಲುಗಳಿಂದ ಬೆರಳೆಣಿಕೆಯಷ್ಟು ಜನ ಎದ್ದರು. ಉಳಿದವರು ತಲೆ ತಗ್ಗಿಸಿ ಪ್ರಾರ್ಥನೆಯಲ್ಲಿ ಮುಳುಗಿದ್ದರು. ಅಷ್ಟು ಭಕ್ತಿ ಆ ಸಭೆಯಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಆ ವಾರವೇ ಹಿರಿಯರ ಕಮಿಟಿ ಸೇರಿತು. ಯಾರೂ ಶಾಂತಮ್ಮನ ಹೆಸರೆತ್ತಲಿಲ್ಲ, ಯಾರ ಊರಿನ ಮಾತೂ ಬರಲಿಲ್ಲ. ಆರೋಗ್ಯದ ಮಾತು ಬಂತು.

"ಈಗ ಎಲ್ಲಾ ದೊಡ್ಡ ಸಿಟಿ ಚರ್ಚುಗಳಲ್ಲಿ ಒಬ್ಬೊಬ್ಬರಿಗೂ ಚಿಕ್ಕ ಚಿಕ್ಕ ಲೋಟ ಬಂದಿದೆ ಅಯ್ಯನವರೇ. ಟೀಬಿ, ಕಾಮಾಲೆ, ಏನೇನೋ ಇರತ್ತೆ. ಒಂದೇ ಪಾತ್ರೆ ಹಳೇ ಪದ್ಧತಿ" ಎಂದರು ಸಾಲೊಮೋನ್.

"ಇಷ್ಟು ವರ್ಷ ಟೀಬಿ ಇರಲಿಲ್ವೇ?" ಎಂದೆ.

"ನೋಡಿ, ನಾನು ಯಾರ ಮೇಲೂ ಹೇಳ್ತಿಲ್ಲ. ಹೈಜೀನ್ ಅಷ್ಟೇ."

ಅವರ ಹೆಂಡತಿ ಗ್ರೇಸಮ್ಮ ತಮ್ಮ ತಾಯಿಯ ಜ್ಞಾಪಕಾರ್ಥವಾಗಿ ಮರದ ತಟ್ಟೆಯನ್ನೂ ಗಾಜಿನ ಪುಟ್ಟ ಲೋಟಗಳನ್ನೂ ತರಿಸಿಕೊಡುವುದಾಗಿ ಹೇಳಿದರು. ಚೇರ್ಮನ್ ಅಯ್ಯನವರಿಗೆ ಹೇಳಿದೆ. ವಿಧೇಯತೆ ಎಂದರೆ ವಿಧೇಯತೆ ಎಂದವರು, "ಕಾಲಕ್ಕೆ ತಕ್ಕ ಹಾಗೆ ಹೋಗ್ಬೇಕು ಕಣ್ರೀ, ವಾಕ್ಯದಲ್ಲಿ ಲೋಟದ ಲೆಕ್ಕ ಎಲ್ಲಿದೆ?" ಎಂದುಬಿಟ್ಟರು. ಬಡವನಿಗೆ ಒಂದು ನ್ಯಾಯ, ಬಲ್ಲಿದನಿಗೆ ಇನ್ನೊಂದು ಎಂಬುದು ಗೊತ್ತಿದ್ದ ಮಾತೇ. ಅದು ದೇವರ ಮನೆಯ ಪಡಸಾಲೆಯಲ್ಲೂ ಕೂತಿರುತ್ತದೆ ಎಂಬುದು ಅಂದು ಗೊತ್ತಾಯಿತು.

ನೀವು ಕೇಳಬಹುದು, ಬೇರೆ ಲೋಟದಲ್ಲಿ ಕುಡಿದರೆ ಭೋಜನ ಕೆಡುತ್ತದೆಯೇ ಎಂದು. ಕೆಡುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಹಾಗೆ ಮಾಡುವ ಸಭೆಗಳು ಬೇಕಾದಷ್ಟಿವೆ. ನಮ್ಮ ಸಭೆಗೆ ಅದು ಯಾಕೆ ಬಂತು ಎನ್ನುವುದು ಅಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಭಾನುವಾರದ ಪ್ರಕಟಣೆಯಲ್ಲಿ ಸಾಲೊಮೋನ್ ಅವರೇ ಎದ್ದು ಹೇಳಿದರು. "ಮುಂದಿನ ತಿಂಗಳಿಂದ ಭೋಜನಕ್ಕೆ ಒಂದೇ ಪಾತ್ರೆ ಇರೋದಿಲ್ಲ. ಎಲ್ಲರಿಗೂ ಬೇರೆ ಬೇರೆ ಲೋಟ." ಅಷ್ಟೇ ಹೇಳಿ ಕುಳಿತರು. ಹಿಂದಿನ ಸಾಲಿನಲ್ಲಿ ಶಾಂತಮ್ಮ ತಲೆಯಾಡಿಸಿದಳು, ಅರ್ಥವಾಯಿತು ಎನ್ನುವಂತೆ.

ಆ ಮುಂದಿನ ತಿಂಗಳು ಹೊಸ ಮರದ ತಟ್ಟೆ ಮೇಜಿನ ಮೇಲೆ ಪಾಲಿಷ್ ವಾಸನೆ ಹೊಡೆಯುತ್ತಾ ಕುಳಿತಿತ್ತು. ಮುಂದಿನ ಸಾಲುಗಳೆಲ್ಲ ಸಂತೋಷವಾಗಿ ಬಂದು ಪುಟ್ಟ ಲೋಟ ತೆಗೆದುಕೊಂಡು ಹೋದವು. ಕೊನೆಗೆ ಗಂಡಸಿಯವರು ಬಂದರು. ಶಾಂತಮ್ಮ ಮೊಣಕಾಲೂರಿ, ಸೊಂಟದ ಹತ್ತಿರ ಸೆರಗಿನಲ್ಲಿ ಸುತ್ತಿದ್ದ ಏನನ್ನೋ ಬಿಚ್ಚಿದಳು. ಸ್ಟೀಲ್ ಲೋಟ. ಬೂದಿ ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿದ್ದಳು. ಅದನ್ನು ಭೋಜನದ ಮೇಜಿನ ಮುಂದಿನ ಅಡ್ಡ ಕಟಕಟೆಯ ತನ್ನ ಕಡೆ ನೆಲದ ಮೇಲೆ ಇಟ್ಟು, ತಾನು ಸ್ವಲ್ಪ ಹಿಂದೆ ಸರಿದು, ಕೈ ಕಟ್ಟಿಕೊಂಡಳು. ಅವಳನ್ನು ನೋಡಿ ಪಕ್ಕದ ಹೆಂಗಸರೂ ತಮ್ಮ ತಮ್ಮ ಲೋಟ ತೆಗೆದು ನೆಲದ ಮೇಲೆ ಇಟ್ಟರು.

ಮುಂದಿನ ಸಾಲಿನಿಂದ ಸಾಲೊಮೋನ್ ಬಗ್ಗಿ ಪಿಸುಗುಟ್ಟಿದರು, "ಇದ್ಯಾಕಮ್ಮ ತಂದೆ? ಲೋಟ ಇಲ್ಲೇ ಇದೆಯಲ್ಲ."

"ಬ್ಯಾರೆ ಬ್ಯಾರೆ ಅಂದ್ರಲ್ಲ ಸಾಮಿ, ಅದ್ಕೇ ನಮ್ದು ನಾವೇ ತಂದ್ವಿ" ಎಂದಳು ಶಾಂತಮ್ಮ. ಆಮೇಲೆ ನನ್ನ ಕಡೆ ನೋಡಿ, "ಹುಯ್ಯಿ ಅಯ್ನೋರೇ. ನೀವು ಮುಟ್ಟಬ್ಯಾಡಿ, ಮ್ಯಾಲಿಂದ್ಲೇ ಹುಯ್ಯಿ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಊರಿನ ರೀತಿ ಇಲ್ಲಿಗೂ ಬಂತು, ಬರಲೇಬೇಕಿತ್ತು, ಬಂತು, ಅಷ್ಟೇ. ಮುಂದಿನ ಸಾಲಿನಲ್ಲಿ ಗ್ರೇಸಮ್ಮ ಕಿಸಕ್ಕನೆ ನಕ್ಕರು. ಕೆಟ್ಟದ್ದಕ್ಕಲ್ಲ, ಗಾಬರಿಯ ನಗು. ಆದರೆ ದೇವಾಲಯ ಸಣ್ಣದು, ಎಲ್ಲರಿಗೂ ಕೇಳಿಸಿತು.

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಬಗ್ಗಿ ಶಾಂತಮ್ಮನ ಲೋಟ ಎತ್ತಿಕೊಂಡೆ. ಅದರ ಮೇಲೆ ಅವಳ ಗಂಡನ ಹೆಸರು ಕೊರೆದಿತ್ತು. ಹೂಜಿಯಿಂದ ದ್ರಾಕ್ಷಾರಸ ಹುಯ್ದು, ಆಶೀರ್ವದಿಸಿ, ನಾನು ಮೊದಲು ಕುಡಿದೆ. ಅವಳಿಗೆ ಕೊಟ್ಟೆ, ಅವಳ ಪಕ್ಕದವರಿಗೆ ಕೊಟ್ಟೆ. ಆಮೇಲೆ ಅದೇ ಲೋಟ ಹಿಡಿದು ಕಟಕಟೆ ದಾಟಿ ಮುಂದಿನ ಸಾಲಿಗೆ ನಡೆದೆ. "ಕರ್ತನ ಪಾತ್ರೆ" ಎಂದು ಸಾಲೊಮೋನ್ ಅವರ ಮುಂದೆ ಹಿಡಿದೆ. ಅವರು, "ನನ್ನದಾಯ್ತಲ್ಲ ಅಯ್ಯನವರೇ" ಎಂದರು. ಗ್ರೇಸಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು. ಅದರ ಹಿಂದಿನ ಸಾಲು, ಅದರ ಹಿಂದಿನದು. ಎಲ್ಲರದೂ ಆಗಿತ್ತು. ನಾನು ಯಾರ ಮನೆಯ ಮದುವೆ ಮಾಡಿಸಿದ್ದೆನೋ, ಯಾರ ತಂದೆಯ ಸಾವಿನಲ್ಲಿ ರಾತ್ರಿಯೆಲ್ಲ ಕೂತಿದ್ದೆನೋ, ಅವರೆಲ್ಲ ನೆಲ ನೋಡುತ್ತಿದ್ದರು.

ಶಾಂತಮ್ಮ ಎದ್ದು ಬಂದಳು. ನನ್ನ ಕೈಯಿಂದ ಲೋಟ ತೆಗೆದುಕೊಂಡು, "ಬುಡಿ ಅಯ್ನೋರೇ, ಯಾಕ್ ವೇಷ್ಟು ಮಾಡ್ತೀರ" ಎಂದು ಉಳಿದದ್ದನ್ನು ತಾನೇ ಕುಡಿದಳು. ಸೆರಗಿನಲ್ಲಿ ಒರೆಸಿ, ಸುತ್ತಿಕೊಂಡು, ಹಿಂದೆ ಹೋಗಿ ಕುಳಿತಳು. ಕೊನೆಯ ಆಶೀರ್ವಾದ ನಾನು ಹೇಗೆ ಹೇಳಿದೆನೋ ನೆನಪಿಲ್ಲ.

ಮತ್ತೆ ಚೇರ್ಮನ್ನರ ಎದುರು ನಿಂತೆ. ಸಭೆಯನ್ನು ಒಡೆಯುತ್ತಿದ್ದೇನೆ, ಆರಾಧನೆಯ ಕ್ರಮ ಮುರಿದಿದ್ದೇನೆ ಎಂದು ದೂರು ಹೋಗಿತ್ತು. "ಒಬ್ಬಳಿಗೋಸ್ಕರ ಇಡೀ ಸಭೆಯನ್ನ ಎದುರು ಹಾಕ್ಕೋತೀರೇನ್ರೀ?" ಎಂದರು. ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕುರುಬನ ಮಾತು ನಾನು ತೆಗೆದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೇಸರದಿಂದಲೇ ಹೇಳಿದರು:

"ಅದು ಸಾಮ್ಯ ಕಣ್ರೀ. ಇದು ಆಡಳಿತ."

ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿಬಿಟ್ಟು ಹೇಳಿದ ಒಬ್ಬರೇ ಒಬ್ಬರು ಅವರು. ನಾವು ಉಳಿದವರು ಅದನ್ನೇ ಹಾಡು, ಪ್ರಾರ್ಥನೆ, ಆಮೆನ್‌ಗಳ ನಡುವೆ ಸುತ್ತಿ ಇಡುತ್ತೇವೆ.

ಗಂಡಸಿಯ ಹೆಂಗಸರು ಮತ್ತೆ ಬರಲಿಲ್ಲ. ನಾನು ಬಸ್ಸಿಗೆ ಕಾದೆ, ಬಸ್ಸು ಬಂತು, ಖಾಲಿ ಬಂತು. ಸಾಲೊಮೋನ್ ಅವರು ಬೇಸರಪಟ್ಟುಕೊಂಡರು, ಸುಳ್ಳು ಬೇಸರವಲ್ಲ. "ಪಾಪ, ಯಾಕೆ ಬರ್ಲಿಲ್ಲ? ಹೋಗಿ ವಿಚಾರಿಸ್ಕೊಂಡು ಬನ್ನಿ ಅಯ್ಯನವರೇ, ನಾವೇನೂ ಅಂದಿಲ್ಲವಲ್ಲ" ಎಂದರು. ತಾವು ಏನೂ ಅಂದಿಲ್ಲ ಎಂದು ಅವರು ಮನಸಾರೆ ನಂಬಿದ್ದರು. ಇಂಥ ನಂಬಿಕೆಯ ಎದುರು ಯಾವ ಪ್ರಸಂಗ ಕೆಲಸ ಮಾಡುತ್ತದೆ, ಹೇಳಿ. ನನಗಂತೂ ಗೊತ್ತಿಲ್ಲ. ಇಂದಿಗೂ ಗೊತ್ತಿಲ್ಲ.

ಒಂದು ಮಧ್ಯಾಹ್ನ ಶಾಂತಮ್ಮನ ಊರಿಗೆ ಹೋದೆ. ಜಗುಲಿಯ ಮೇಲೆ ಕೂತು ಗರಿ ಹೆಣೆಯುತ್ತಿದ್ದಳು. ಮಣೆ ಹಾಕಿ, ನನ್ನ ಮಕ್ಕಳ ಯೋಗಕ್ಷೇಮ ವಿಚಾರಿಸಿ, ಮತ್ತೆ ಹೆಣೆಯತೊಡಗಿದಳು. ಏನು ಹೇಳಬೇಕೆಂದು ಬಸ್ಸಿನಲ್ಲೆಲ್ಲ ಯೋಚಿಸಿಕೊಂಡು ಹೋಗಿದ್ದೆ. ಅದನ್ನೆಲ್ಲ ಬಿಟ್ಟು ಬೇರೆಯದೇ ಕೇಳಿದೆ.

"ಭಾನುವಾರ ಎಲ್ಲಿಗೂ ಹೋಗ್ತಿಲ್ವಾ ಶಾಂತಮ್ಮ?" ಎಂದೆ.

"ನಮ್ಮ ತಮ್ಮನ ಮನೆಗೆ ಹೋಯ್ತೀನಿ" ಎಂದಳು. ತಮ್ಮ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ, ಅವನ ಮನೆಯವರೆಲ್ಲ ಬೌದ್ಧರಾಗಿದ್ದರು. "ಅಲ್ಲಿ ಎಲ್ಲಾ ಸೇರ್ಕಂಡು ಏನೋ ಹೇಳ್ತಾರೆ. ನಂಗೆ ಅರ್ಥ ಆಗಾಕಿಲ್ಲ, ಸುಮ್ಕೆ ಕುಂತಿರ್ತೀನಿ."

"ನಿನಗೆ ಅಲ್ಲಿ ಸಮಾಧಾನ ಐತಾ?" ಎಂದು ಕೇಳಿದೆ. ನನ್ನ ಬಾಯಲ್ಲೂ ಅವಳ ಊರಿನ ಮಾತಿನ ಧಾಟಿಯೇ ಬಂತು.

ಗರಿಯನ್ನು ಬಿಗಿಯಾಗಿ ಎಳೆದಳು. "ಸಮಾಧಾನ ಗಿಮಾಧಾನ ಗೊತ್ತಿಲ್ಲ ಅಯ್ನೋರೇ. ಯೇಸುಸಾಮಿ ಮ್ಯಾಲೆ ನಂಗೇನೂ ಬ್ಯಾಸರ ಇಲ್ಲ, ಅವಯ್ಯ ಏನ್ ಮಾಡಾನು. ಆದ್ರೆ ಅಲ್ಲಿ ಕುಡಿಯಾಕೆ ಏನೂ ಕೊಡಾಕಿಲ್ಲ. ಕೊಡದಿದ್ರೆ ಬ್ಯಾರೆ ಮಾಡೋ ಹಂಗೂ ಇಲ್ವಲ್ಲ. ನಂಗೆ ಅಷ್ಟು ಸಾಕು."

ಅವಳಿಗೆ ಹೇಳಲು ನನ್ನ ಹತ್ತಿರ ವಾಕ್ಯಭಾಗ ಇರಲಿಲ್ಲವೆಂದಲ್ಲ. ಬೇಕಾದಷ್ಟು ಇದ್ದವು. ಒಂದೊಂದನ್ನೂ ಮನಸ್ಸಿನಲ್ಲಿ ತಿರುವಿದೆ, ಪ್ರತಿಯೊಂದೂ ಅರಸೀಕೆರೆಯಲ್ಲಿ ಹೇಳಬೇಕಾದದ್ದು, ಹೇಳಿ ಆಗಿದ್ದದ್ದು. ಕೊನೆಗೆ ಸಭಾಪಾಲಕ ಮನೆಗೆ ಬಂದರೆ ಮಾಡುವುದನ್ನೇ ಮಾಡಿದೆ. "ಪ್ರಾರ್ಥನೆ ಮಾಡಲಾ ಶಾಂತಮ್ಮ?" ಎಂದೆ.

"ಮಾಡಿ" ಎಂದಳು. ಗರಿ ಪಕ್ಕಕ್ಕಿಟ್ಟು, ಕೈ ಕೊಡವಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ. "ಪರಲೋಕದಲ್ಲಿರುವ ತಂದೆಯೇ" ಎಂದೆ. ಮುಂದಿನ ಮಾತು ಬರಲಿಲ್ಲ. ಇಷ್ಟು ವರ್ಷ ನೀರಿನಂತೆ ಹರಿದ ಬಾಯಿ. ಹಟ್ಟಿಯಲ್ಲಿ ಎಲ್ಲೋ ರೇಡಿಯೋ ಹಾಡುತ್ತಿತ್ತು, ಕೋಳಿ ಕೆದಕುತ್ತಿತ್ತು. ಕಾದೆ. ಅವಳೂ ಕಾದಳು, ನನಗೋಸ್ಕರ, ಬಹಳ ಹೊತ್ತು.

ಆಮೇಲೆ ಅವಳೇ, "ಆಮೆನ್" ಎಂದಳು. ಗರಿ ಹೆಣೆಯುವ ಸದ್ದು ಮತ್ತೆ ಶುರುವಾಯಿತು. ನಾನು ಇನ್ನೂ ಕಣ್ಣು ತೆರೆದಿರಲಿಲ್ಲ.